ಮೇಷ್ಟ್ರು ಯಾಕೆ ಸುಸ್ತಾಗಬಾರದು?

ಓದುಗರ ಪತ್ರ: ನಮ್ಮ ಪೇಟೆಯ ಹೊಸ ಬಟ್ಟೆ ಅಂಗಡಿಯ ಬೋರ್ಡಿನಲ್ಲಿ, ಹೆಸರಿನ ಕೆಳಗೆ ‘ಒಮ್ಮೆ ಬನ್ನಿ, ಮತ್ತೆ ಮತ್ತೆ ಬರುವಿರಿ’ ಎಂದಿದೆ. ಮಾಲೀಕರು ಅದನ್ನು ಪಂಚ್‌ಲೈನ್ ಅನ್ನುತ್ತಾರೆ. ಜೋಕಿಗೂ ಪಂಚ್‌ಲೈನ್ ಇರುತ್ತದಂತೆ. ಎರಡೂ ಒಂದೇನಾ? ಕನ್ನಡದಲ್ಲಿ ಏನೆನ್ನಬೇಕು? (ಓದುಗರು, ತೀರ್ಥಹಳ್ಳಿ)

ಸಂಪಾದಕರ ಉತ್ತರ: ಒಂದೇ ಅಲ್ಲ. ಬೋರ್ಡಿನ ಸಾಲು ಟ್ಯಾಗ್‌ಲೈನ್, ನಮ್ಮ ಮಾತಿನಲ್ಲಿ ಅಡಿಬರಹ. ಸಿನಿಮಾ ಪೋಸ್ಟರಿನಲ್ಲಿ ಹೆಸರಿನ ಕೆಳಗೆ ಬರುವುದೂ ಅದೇ. ಎರಡನ್ನೂ ಪಂಚ್‌ಲೈನ್ ಅಂತ ಕರೆಯುವವರು ಇದ್ದಾರೆ. ಜಗಳ ಆಡುವಷ್ಟು ದೊಡ್ಡ ತಪ್ಪೇನಲ್ಲ ಬಿಡಿ.

ಪಂಚ್ ಅಂದರೆ ಗುದ್ದು. ಪಂಚಕಜ್ಜಾಯದ ಪಂಚ ಅಲ್ಲ! ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ತಟ್ಟನೆ ತಿರುಗಿಸಿಬಿಡುವ ಕೊನೆಯ ಮಾತೇ ಪಂಚ್‌ಲೈನ್. ಮಳೆ ಜಾಸ್ತಿ ಇರುವ ಊರಿನವರೆಲ್ಲ ತಮ್ಮದೇ ಅಂದುಕೊಳ್ಳುವ ಹಳೇ ಜೋಕ್ ಒಂದಿದೆ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಸುರಿಯುವ ಆಗುಂಬೆಗೂ ಅದರ ಮೇಲೆ ಹಕ್ಕಿದೆ, ಅಲ್ವಾ? ಬೆಂಗಳೂರಿನಿಂದ ಬಂದ ನೆಂಟ ನಾಲ್ಕು ದಿನ ಜಗಲಿಯಲ್ಲೇ ಕೂತು ಬೇಸತ್ತು, ಪಕ್ಕದ ಮನೆ ಹುಡುಗನನ್ನು ಕೇಳಿದ: ‘ಏನೋ, ನಿಮ್ಮೂರಲ್ಲಿ ಮಳೆ ನಿಲ್ಲೋದೇ ಇಲ್ವಾ?’ ಹುಡುಗ ಹೇಳಿದ: ‘ನಂಗೊತ್ತಿಲ್ಲ ಮಾರಾಯ್ರೆ. ನಂಗಿನ್ನೂ ಆರು ವರ್ಷ.’

ಆ ‘ಆರು ವರ್ಷ’ ಇದೆಯಲ್ಲ, ಅದೇ ಗುದ್ದು. ಹುಡುಗನ ವಯಸ್ಸು ಮೊದಲೇ ಹೇಳಿದರೆ ಜೋಕ್ ಸತ್ತಿತು. ಆಮೇಲೆ ಇನ್ನೇನೋ ಸೇರಿಸಿದರೂ ಸತ್ತಿತು. ಕನ್ನಡದಲ್ಲಿ ಬರೆಯುವವರು ಎಡವುವುದು ಇಲ್ಲೇ. ಯಾರದೋ ಮಾತು ಬರೆದ ಮೇಲೆ ‘ಎಂದನು’ ಹಾಕುವುದು ನಮಗೆ ಅಭ್ಯಾಸ. ‘ನನಗಿನ್ನೂ ಆರು ವರ್ಷ ಎಂದು ಆ ಹುಡುಗನು ಉತ್ತರಿಸಿದನು.’ ನಗು ಬಂತಾ? ಗುದ್ದುವ ಕೈಗೆ ಕಂಬಳಿ ಸುತ್ತಿದ ಹಾಗೆ. ರಾತ್ರಿ ಅಡಿಕೆ ಸುಲಿಯುತ್ತ ಕೂತವರು ಹೀಗೆ ಹೇಳುವುದಿಲ್ಲ. ‘ಹುಡ್ಗ ಎಂತ ಅಂದ ಗೊತ್ತಾ?’ ಎಂದು ಕೇಳಿ, ಒಂದು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ನಿದ್ದು, ಆಮೇಲೆ ಬಿಡುತ್ತಾರೆ. ‘ಎಂದ’ ಅನ್ನುವುದು ಮೊದಲೇ ಮುಗಿದಿರುತ್ತದೆ.

ನಮಗೆ ಬರುವ ಎಷ್ಟೋ ನಗೆಹನಿಗಳ ಕೊನೆಗೆ ‘ಮೇಷ್ಟ್ರು ಸುಸ್ತು!’ ಅಥವಾ ‘ಗುಂಡ ಬೇಸ್ತು!’ ಅಂತ ಇರುತ್ತದೆ. ಗುದ್ದು ಬಿದ್ದಾಗಿದೆ, ಮತ್ತೆ ಮೇಷ್ಟ್ರ ಆರೋಗ್ಯ ನಮಗ್ಯಾಕೆ? ಆ ಸಾಲನ್ನು ನಾನು ಹೊಡೆದು ಹಾಕುತ್ತೇನೆ. ಬರೆದವರು ಬೇಜಾರು ಮಾಡಿಕೊಳ್ಳುತ್ತಾರೆ.

ಕನ್ನಡ ಪದ ಬೇಕೆಂದರೆ ‘ಕೊನೆಯ ಗುದ್ದು’ ಅನ್ನಬಹುದು. ಆದರೆ ‘ಸಖತ್ ಪಂಚ್ ಕೊಟ್ಟ’ ಅನ್ನುವುದು ಮಕ್ಕಳ ಬಾಯಲ್ಲೂ ಇದೆ. ಪಂಚ್ ಅಂತಲೇ ಇರಲಿ, ನನ್ನ ತಕರಾರಿಲ್ಲ.

ಅಂಗಡಿಯವರು ಮತ್ತೆ ಕೇಳಿದರೆ ಹೇಳಿ. ಬೋರ್ಡಿನಲ್ಲಿರುವುದು ಅಡಿಬರಹ. ಪಂಚ್‌ಲೈನ್ ಇರುವುದು ಬಿಲ್ಲಿನ ಕೊನೆಯಲ್ಲಿ.