ಪ್ರತಿ ಸಲ ಠೇವಣಿ ಹೋದರೂ ಮತ್ತೆ ಮತ್ತೆ ಚುನಾವಣೆಗೆ ಯಾಕೆ ನಿಲ್ಲುತ್ತಾರೆ?

ನಿಮ್ಮ ಪ್ರಶ್ನೆ ಇದು: ನಮ್ಮ ಕ್ಷೇತ್ರದಲ್ಲಿ ಒಬ್ಬರು ಪಂಚಾಯಿತಿಗೂ ನಿಲ್ಲುತ್ತಾರೆ, ವಿಧಾನಸಭೆಗೂ ನಿಲ್ಲುತ್ತಾರೆ, ಪ್ರತಿ ಸಲ ಸೋಲುತ್ತಾರೆ. ಇವರಿಗೆ ಏನು ಸಿಗುತ್ತದೆ? ಇವರಿಗೆ ವೋಟು ಹಾಕಿದರೆ ಅದು ವೇಸ್ಟ್ ಅಲ್ವಾ?

ನಿಮ್ಮ ಕ್ಷೇತ್ರದವರು ನನಗೆ ಗೊತ್ತಿಲ್ಲ. ಆದರೆ ನಮ್ಮ ಮನೆಯಲ್ಲೇ ಅಂಥವರೊಬ್ಬರಿದ್ದಾರೆ, ನನ್ನ ಚಿಕ್ಕಪ್ಪ. 2013, 2018, 2023 ಮೂರೂ ಸಲ ವಿಧಾನಸಭೆಗೆ ಪಕ್ಷೇತರರಾಗಿ ನಿಂತರು. ನಡುವೆ 2015ರಲ್ಲಿ ಗ್ರಾಮ ಪಂಚಾಯಿತಿ, 2016ರಲ್ಲಿ ತಾಲ್ಲೂಕು ಪಂಚಾಯಿತಿ. ಐದೂ ಸೋಲು. ಕೊನೆಯ ಎರಡು ವಿಧಾನಸಭೆ ಚುನಾವಣೆಗೆ ನಾನೇ ಅವರ ಚುನಾವಣಾ ಏಜೆಂಟ್, ಖರ್ಚಿನ ಪುಸ್ತಕ ಬರೆದವಳೂ ನಾನೇ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ.

ಅವರು ನಿಂತಿದ್ದು ಒಂದು ಬಸ್ಸಿಗಾಗಿ. ಕೇಳಿದರೆ ಸಣ್ಣ ವಿಷಯ ಅನ್ನಿಸಬಹುದು. ಆಗ ನಮ್ಮ ಕಡೆಯ ಹಳ್ಳಿಗಳಿಗೆ ತಾಲ್ಲೂಕು ಕೇಂದ್ರದಿಂದ ಕೊನೆಯ ಬಸ್ಸು ನಾಲ್ಕೂವರೆಗೆ ಇತ್ತು. ನಾನು ಪಿಯುಸಿ ಓದುವಾಗ ಎರಡು ವರ್ಷವೂ ಕೊನೆಯ ಪೀರಿಯಡ್ ಬಿಟ್ಟು ಓಡಿ ಬಂದು ಆ ಬಸ್ಸು ಹಿಡಿಯುತ್ತಿದ್ದೆ. ನನ್ನ ಜೊತೆ ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯರಲ್ಲಿ ಮೂವರನ್ನು ಮನೆಯವರು ಕಾಲೇಜಿಗೇ ಕಳಿಸಲಿಲ್ಲ, ಬಸ್ಸು ತಪ್ಪಿದರೆ ಹೆಣ್ಣುಮಗು ಕತ್ತಲಲ್ಲಿ ಹೇಗೆ ಬರುತ್ತೆ ಅನ್ನೋದೇ ಕಾರಣ. ಚಿಕ್ಕಪ್ಪ ಎಲ್ಲಾ ಕಡೆ ಅರ್ಜಿ ಕೊಟ್ಟರು. ಅರ್ಜಿ ತಗೊಂಡವರೆಲ್ಲ ಮರ್ಯಾದೆಯಿಂದಲೇ ಮಾತಾಡಿದರು, ಬಸ್ಸು ಮಾತ್ರ ಬರಲಿಲ್ಲ. "ನಿಂತರೆ ಹದಿನೈದು ದಿನ ಈ ಮಾತನ್ನು ಮೈಕಿನಲ್ಲಿ ಹೇಳಬಹುದಲ್ಲ" ಅಂತ 2013ರಲ್ಲಿ ನಿಂತೇಬಿಟ್ಟರು.

ನಿಲ್ಲುವುದು ಹೊರಗಿನಿಂದ ಕಾಣುವಷ್ಟು ಸುಲಭ ಅಲ್ಲ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸಹಿ ಹಾಕಬೇಕು. ಈ ಹತ್ತು ಜನರನ್ನು ಹೊಂದಿಸೋದೇ ಮೊದಲ ಚುನಾವಣೆ ಅನ್ನಿ. ಒಳಗೊಳಗೇ ಬೆಂಬಲ ಕೊಡುವವರು ಬೇಕಾದಷ್ಟು ಜನ, ಕಾಗದದ ಮೇಲೆ ಹೆಸರು ಬರುತ್ತೆ ಅಂದರೆ ಹಿಂದೆ ಸರಿಯುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಪಂಚಾಯಿತಿ ಕೆಲಸ ಗುತ್ತಿಗೆ ತಗೊಂಡು ಬದುಕುವವರಿಗೆ ಅವರದೇ ಭಯ ಇರುತ್ತೆ. 2018ರಲ್ಲಿ ಒಬ್ಬ ಸೂಚಕರ ಮತದಾರರ ಪಟ್ಟಿಯ ಕ್ರಮಸಂಖ್ಯೆ ತಪ್ಪಾಗಿತ್ತು. ಒಬ್ಬ ಅಭ್ಯರ್ಥಿ ನಾಲ್ಕು ಸೆಟ್‌ವರೆಗೆ ನಾಮಪತ್ರ ಹಾಕಬಹುದು, ನಾವು ಎರಡು ಹಾಕಿದ್ದೆವು, ಹಾಗಾಗಿ ಬಚಾವಾದೆವು. ಅಫಿಡವಿಟ್‌ನಲ್ಲೂ ಅಷ್ಟೇ. ಆಸ್ತಿ, ಸಾಲ, ಕೇಸು ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ, ಇಲ್ಲದಿದ್ದರೆ "ಇಲ್ಲ" ಅಂತ ಬರೆಯಲೇಬೇಕು.

ಅದಾದ ಮೇಲೆ ಚಿಹ್ನೆಯ ಕಷ್ಟ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ, ನನಗೆ ಅತ್ಯಂತ ಅನ್ಯಾಯ ಅನ್ನಿಸೋದೂ ಇದೇ. ದೊಡ್ಡ ಪಕ್ಷಗಳ ಗುರುತು ವರ್ಷವಿಡೀ ಗೋಡೆ ಮೇಲೆ, ಟೀವಿಯಲ್ಲಿ, ಜನರ ಬಾಯಲ್ಲಿ ಇರುತ್ತೆ. ಪಕ್ಷೇತರರಿಗೆ ಗುರುತು ಸಿಗೋದು ನಾಮಪತ್ರ ವಾಪಸ್ ತೆಗೆಯುವ ದಿನ ಮುಗಿದ ಮೇಲೆ. 2023ರಲ್ಲಿ ಆ ದಿನ ಏಪ್ರಿಲ್ 24. ಮತದಾನ ಮೇ 10. ಬಹಿರಂಗ ಪ್ರಚಾರ 48 ಗಂಟೆ ಮೊದಲೇ ನಿಲ್ಲಬೇಕು. ಅಂದರೆ ಕರಪತ್ರ ಅಚ್ಚು ಹಾಕಿಸಿ, ಇನ್ನೂರಕ್ಕೂ ಜಾಸ್ತಿ ಬೂತುಗಳ ಜನಕ್ಕೆ ಗುರುತು ತಲುಪಿಸೋಕೆ ಸಿಕ್ಕಿದ್ದು ಬರೀ ಎರಡು ವಾರ. ಪ್ರತಿ ಚುನಾವಣೆಗೂ ಅದೇ ಗುರುತು ಸಿಗುತ್ತೆ ಅಂತಲೂ ಇಲ್ಲ. ಚಿಕ್ಕಪ್ಪನಿಗೆ ಮೊದಲ ಸಲ ಟೀವಿ, ಎರಡನೇ ಸಲ ಹೊಲಿಗೆ ಯಂತ್ರ, ಮೂರನೇ ಸಲ ಗ್ಯಾಸ್ ಸಿಲಿಂಡರ್. 2018ರಲ್ಲಿ ಮತದಾನ ಮುಗಿದ ಸಂಜೆ ನಮ್ಮೂರಿನ ಒಬ್ಬ ಅಜ್ಜಿ ಮನೆಗೆ ಬಂದು, "ನಿನ್ನ ಟೀವಿ ಎಲ್ಲೂ ಕಾಣಲಿಲ್ಲ ಕಣಪ್ಪ, ಎರಡು ಮಿಷನ್ನೂ ಹುಡುಕಿದೆ" ಅಂದರು. ಆ ಸಲ ಅಭ್ಯರ್ಥಿಗಳು ಜಾಸ್ತಿ ಇದ್ದರು. ಒಂದು ಯಂತ್ರದಲ್ಲಿ ನೋಟಾ ಸೇರಿ ಹದಿನಾರು ಬಟನ್ ಮಾತ್ರ, ಹಾಗಾಗಿ ಎರಡನೇ ಯಂತ್ರ ಇಟ್ಟಿದ್ದರು. ಪಕ್ಷದವರ ಹೆಸರು ಮೊದಲು, ಪಕ್ಷೇತರರದ್ದು ಕೊನೆಗೆ. ಚಿಕ್ಕಪ್ಪನ ಹೆಸರು ಎರಡನೆಯದರಲ್ಲಿ. ಈಗ ಹೆಸರಿನ ಪಕ್ಕ ಫೋಟೊ ಇರುತ್ತೆ, ನಿಜ. ಆದರೆ ಕಣ್ಣು ಮಂಜಾದವರಿಗೆ ಸ್ಟಾಂಪ್ ಸೈಜಿನ ಫೋಟೊ ಎಲ್ಲಿ ಕಾಣುತ್ತೆ? ಅಜ್ಜಿ ಅತ್ತುಬಿಟ್ಟರು, ಚಿಕ್ಕಪ್ಪ ಅವರ ಕೈ ಹಿಡಿದುಕೊಂಡು ಸುಮ್ನೆ ಕೂತಿದ್ದರು.

ದುಡ್ಡಿನ ವಿಷಯ. ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 2018ರಲ್ಲಿ 28 ಲಕ್ಷ ಇತ್ತು, 2023ಕ್ಕೆ 40 ಲಕ್ಷ. ನಮ್ಮದು ಎರಡು ಲಕ್ಷವೂ ಮುಟ್ಟಲಿಲ್ಲ, ಆದರೂ ಲೆಕ್ಕ ಮಾತ್ರ ಎಲ್ಲರಷ್ಟೇ ಬರೆಯಬೇಕು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ. ಚಹಾ, ಕುರ್ಚಿ, ಶಾಮಿಯಾನ, ಆಟೊ, ಮೈಕ್ ಎಲ್ಲಕ್ಕೂ ಜಿಲ್ಲೆಯಲ್ಲಿ ದರಪಟ್ಟಿ ಮಾಡಿರುತ್ತಾರೆ, ಅದೇ ದರದಲ್ಲಿ ಬರೆಯಬೇಕು. ಪ್ರಚಾರದ ನಡುವೆ ಮೂರು ಸಲ ಪುಸ್ತಕ ತೋರಿಸಬೇಕು. ಫಲಿತಾಂಶ ಬಂದು 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹ ಮಾಡಬಹುದು. ಸೋತ ಬೇಜಾರಿನಲ್ಲಿ ಲೆಕ್ಕ ಕೊಡೋದನ್ನೇ ಬಿಟ್ಟು ಅನರ್ಹರಾದವರು ಇದ್ದಾರೆ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ, ಹಾಗಾಗಿ ಇದೊಂದು ನಮಗೆ ಭಾರ ಅನ್ನಿಸಲಿಲ್ಲ. ಭಾರವಾದದ್ದು ಚಿಕ್ಕಮ್ಮನಿಗೆ. ಮೊದಲನೇ ಸಲದ ಖರ್ಚಿಗೆ ಹೋದದ್ದು ಅವರು ಎತ್ತಿದ್ದ ಚೀಟಿ ದುಡ್ಡು. ಅಡಿಗೆಮನೆಗೆ ಶೀಟು ತೆಗೆದು ಆರ್‌ಸಿಸಿ ಹಾಕಿಸಬೇಕು ಅಂತ ಇಟ್ಟುಕೊಂಡದ್ದು. ಎಷ್ಟೋ ದಿನ ಮನೆಯಲ್ಲಿ ಮಾತಿರಲಿಲ್ಲ. ಇಂಥ ಮನುಷ್ಯರ ಬಗ್ಗೆ ಮೆಚ್ಚಿ ಬರೆಯುವಾಗ ಇದನ್ನು ಬಿಟ್ಟು ಬರೆದರೆ ತಪ್ಪಾಗುತ್ತೆ.

ಠೇವಣಿ ಉಳಿಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳಬೇಕು. ಒಂದೂವರೆ ಲಕ್ಷ ಮತ ಅಂದರೆ 25,000ಕ್ಕೂ ಮೇಲೆ. ಮೂರು ದೊಡ್ಡ ಪಕ್ಷಗಳಿರುವ ಕ್ಷೇತ್ರದಲ್ಲಿ ಎಷ್ಟೋ ಸಲ ಮೂರನೇ ಸ್ಥಾನದ ಪಕ್ಷದವರಿಗೇ ಅದು ದಕ್ಕುವುದಿಲ್ಲ. ಹಾಗಾಗಿ "ಠೇವಣಿ ಹೋಯ್ತು" ಅನ್ನೋ ಮಾತನ್ನು ಅವಮಾನದ ಹಾಗೆ ನೋಡಬೇಡಿ. ಈ ಠೇವಣಿ ಮೊದಲು ಬರೀ 250 ರೂಪಾಯಿ ಇತ್ತು. 1996ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಒಂದರಲ್ಲೇ 456 ಜನ ನಿಂತಿದ್ದರು. ಅದೇ ವರ್ಷ ಕಾನೂನು ಬದಲಾಯಿಸಿ ವಿಧಾನಸಭೆಗೆ 5,000 ಮಾಡಿದರು, ಆಮೇಲೆ 10,000 ಆಯಿತು.

ಫಲಿತಾಂಶದ ಮೇಲೆ ಚಿಕ್ಕಪ್ಪ ಏನು ಮಾಡುತ್ತಿದ್ದರು ಅನ್ನೋದನ್ನು ಹೇಳಲೇಬೇಕು. ಬೂತುವಾರು ಯಾರಿಗೆ ಎಷ್ಟು ಮತ ಅಂತ ಒಂದು ಪಟ್ಟಿ ಬರುತ್ತೆ, ನಮೂನೆ 20 ಅಂತಾರೆ, ಯಾರು ಬೇಕಾದರೂ ನೋಡಬಹುದು. ಅವರು ಅದನ್ನು ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ಹರಡಿಕೊಂಡು ಕೂರುತ್ತಿದ್ದರು. 2013ರಲ್ಲಿ ಒಂದು ಹಳ್ಳಿಯಲ್ಲಿ ಸೊನ್ನೆ ಬಂದಿತ್ತು. ನಿಮಗೇ ಹಾಕಿದ್ವಿ ಅಂತ ಹೇಳಿದವರೇ ಅಲ್ಲಿ ನಾಲ್ಕೈದು ಜನ ಇದ್ದರು! ನನಗೆ ಸಿಟ್ಟು ಬಂತು. ಅವರು ಆ ಹಳ್ಳಿಯ ಹೆಸರಿಗೆ ಸುತ್ತು ಹಾಕಿ, "ಇಲ್ಲಿಗೆ ನಾನು ಒಂದೇ ಸಲ ಹೋಗಿದ್ದೆ" ಅಂದರು. ಮುಂದಿನ ಐದು ವರ್ಷ ಆ ಹಳ್ಳಿಗೆ ಅವರು ಹೋಗಿದ್ದಕ್ಕೆ ಲೆಕ್ಕವಿಲ್ಲ. ಪಿಂಚಣಿ ನಿಂತವರ ಅರ್ಜಿ ಬರೆದುಕೊಟ್ಟರು, ಪಹಣಿ ತಿದ್ದುಪಡಿಗೆ ಅವರ ಜೊತೆ ತಾಲ್ಲೂಕು ಕಚೇರಿಗೆ ಅಲೆದರು. 2018ರಲ್ಲಿ ಅಲ್ಲಿ 41 ಬಂತು. ಒಟ್ಟು ಮತವೂ ಸಾವಿರದ ಚಿಲ್ಲರೆಯಿಂದ ಮೂರು ಸಾವಿರದ ಹತ್ತಿರ ಹೋಯಿತು. ಪ್ರಚಾರ ಅಂದರೆ ಅದೇ, ನನ್ನ ಪ್ರಕಾರ. ಎರಡು ವಾರದ ಮೈಕು ಅದಕ್ಕೆ ಸಹಿ ಹಾಕಿದ ಹಾಗೆ.

ಮತ್ತೆ ಆ 2018ರಲ್ಲೇ ಇನ್ನೊಂದು ನಡೆಯಿತು. ನಮ್ಮೂರಿಗೆ ಬಂದ ಇಬ್ಬರು ದೊಡ್ಡ ಪಕ್ಷದ ಅಭ್ಯರ್ಥಿಗಳೂ ಭಾಷಣದಲ್ಲಿ ಸಂಜೆ ಬಸ್ಸಿನ ಮಾತು ಎತ್ತಿದರು. ಅದುವರೆಗೆ ಯಾರೂ ಎತ್ತಿರಲಿಲ್ಲ. ಮರುವರ್ಷ ಆರೂಕಾಲರ ಬಸ್ಸು ಬಂತು. ಗೆದ್ದವರೇ ಬಂದು ಪೂಜೆ ಮಾಡಿ ಹೊರಡಿಸಿದರು, ಚಿಕ್ಕಪ್ಪ ಗುಂಪಿನಲ್ಲಿ ನಿಂತು ಚಪ್ಪಾಳೆ ಹೊಡೆದರು. ಕೊರೊನಾ ಬಂದಾಗ ಆ ಬಸ್ಸು ನಿಂತಿತು.

ಪಂಚಾಯಿತಿ ಚುನಾವಣೆಯ ಕತೆ ಬೇರೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಎಲ್ಲರೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ. ಆದರೆ ಅಲ್ಲಿ ಸೋತರೆ ನೋವು ಜಾಸ್ತಿ, ಯಾಕೆಂದರೆ ಹಾಕದೆ ಇದ್ದವರು ಯಾರು ಅಂತ ಅಂದಾಜು ಸಿಗುತ್ತೆ, ಮರುದಿನ ಅವರ ಮನೆ ಮುಂದೆಯೇ ಹಾಲು ಹಾಕೋಕೆ ಹೋಗಬೇಕು. 2015ರಲ್ಲಿ ಅವರು ಸೋತಿದ್ದು 11 ವೋಟಿನಿಂದ. ಮರುವರ್ಷ ತಾಲ್ಲೂಕು ಪಂಚಾಯಿತಿಯಲ್ಲಿ ಎರಡನೇ ಸ್ಥಾನ, ಇನ್ನೊಂದು ಸಲ ನಿಂತಿದ್ದರೆ ಗೆಲ್ಲುತ್ತಿದ್ದರು ಅಂತ ಈಗಲೂ ನಂಬಿದ್ದೇನೆ. ಆದರೆ ಆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ 2023ರ ವಿಧಾನಸಭೆ ಚುನಾವಣೆಯೇ ಬಂದುಬಿಟ್ಟಿತು. ಹಣವಿಲ್ಲದ ಸಾಮಾನ್ಯ ಮನುಷ್ಯ ಮೇಲೆ ಹತ್ತಬೇಕಾದ ಮೆಟ್ಟಿಲು ಅದು. ಅದನ್ನೇ ತೆಗೆದರೆ ಅವನು ನೇರ ವಿಧಾನಸಭೆಗೆ ನಿಂತು ಸೋಲದೆ ಇನ್ನೇನು ಮಾಡಬೇಕು ಹೇಳಿ.

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಮೀಸಲಾತಿ ತಿರುಗಿ ನಮ್ಮ ಕಡೆಯ ಸ್ಥಾನ ಮಹಿಳೆಗೆ ಬಂತು. ಊರಿನವರು ಚಿಕ್ಕಮ್ಮನನ್ನು ಕೇಳಿದರು. ಅವರು ಒಂದು ವಾರ ಒಪ್ಪಲಿಲ್ಲ. ಆಮೇಲೆ, "ನನ್ನ ಹೆಸರಲ್ಲಿ ನೀವು ಸಭೆಗೆ ಹೋಗಿ ಕೂರುವಂತಿಲ್ಲ, ನಾನೇ ಹೋಗ್ತೀನಿ" ಅಂತ ಚಿಕ್ಕಪ್ಪನಿಂದ ಮಾತು ತಗೊಂಡು ನಿಂತರು, ಗೆದ್ದರು. ನಿಂತಿದ್ದ ಬಸ್ಸನ್ನು ಮತ್ತೆ ತರಿಸಿದ್ದು ಅವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಚಿತ ಆಯಿತಲ್ಲ, ಬಸ್ಸೇ ಬಾರದ ಊರಿಗೆ ಅದರಿಂದ ಏನು ಉಪಯೋಗ ಆಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ, ವೋಟು ವೇಸ್ಟಾ ಅನ್ನೋದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ. ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಒಂದೇ ಒಂದು ಮತದಿಂದ ಸೋತರು, 40,752ಕ್ಕೆ 40,751. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಅವರು ಆಗ ಸೋಲಿಸಿದ ಎನ್. ಮಹೇಶ್ ಕೂಡ ಅದೇ ಕ್ಷೇತ್ರದಲ್ಲಿ ಸೋತು ಸೋತು 2018ರಲ್ಲಿ ಬಿಎಸ್‌ಪಿಯಿಂದ ಗೆದ್ದವರು. ರೈತ ನಾಯಕ ಕೆ. ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ದಿದ್ದರು, ಮತ್ತೆ ವಿಧಾನಸಭೆಗೆ ಹೋಗಿದ್ದು 2013ರಲ್ಲಿ, ಮೇಲುಕೋಟೆಯಿಂದ. ಅವರ ಮಗ ದರ್ಶನ್ ಅದೇ ಮೇಲುಕೋಟೆಯಲ್ಲಿ 2018ರಲ್ಲಿ ಸೋತು 2023ರಲ್ಲಿ ಗೆದ್ದರು. ಇವರಿಗೆಲ್ಲ ಸೋತ ಸಲ ಬಿದ್ದ ವೋಟನ್ನು ವೇಸ್ಟ್ ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ. ಆದರೆ ಜಯನಗರದಲ್ಲಿ 2023ರಲ್ಲಿ 16 ಮತಗಳಲ್ಲಿ ತೀರ್ಮಾನವಾಯಿತು, ಅದೂ ನಿಜ. ಇಬ್ಬರ ನಡುವೆ ಅಷ್ಟು ಬಿಗಿ ಇದ್ದು, ಒಬ್ಬರು ಗೆಲ್ಲಲೇಬಾರದು ಅಂತ ನಿಮಗೆ ಅನ್ನಿಸಿದರೆ ನೀವು ಬೇರೆ ಲೆಕ್ಕ ಹಾಕಬಹುದು. ಅದನ್ನು ತಪ್ಪು ಅನ್ನಲಾರೆ.

ಮತ್ತೆ ಮತ್ತೆ ನಿಲ್ಲುವವರೆಲ್ಲ ಒಂದೇ ತರ ಇರುವುದಿಲ್ಲ. ಹೊಟ್ಟೆ ಪಕ್ಷ ರಂಗಸ್ವಾಮಿ ಅವರು 86 ಚುನಾವಣೆಗೆ ನಿಂತು ಗಿನ್ನೆಸ್ ದಾಖಲೆ ಮಾಡಿದವರು, ಅವರದು ಬೇರೆ ದಾರಿ. ಇನ್ನು ಕೆಲವರನ್ನು ಯಾರೋ ನಿಲ್ಲಿಸಿರುತ್ತಾರೆ, ಎದುರಾಳಿಯ ಹೆಸರೇ ಇರುವವರನ್ನು ಹುಡುಕಿ ತರೋದೂ ಉಂಟು. ಕೆಲವರು ನಾಮಪತ್ರ ವಾಪಸ್ ತೆಗೆಯುವ ದಿನಕ್ಕಾಗಿಯೇ ನಿಲ್ಲುತ್ತಾರೆ. ನಮ್ಮ ಮನೆಗೂ ಆ ದಿನ ಬಂದು ಕೂತು, ಎಷ್ಟು ಬೇಕು ಅಂತ ನೇರವಾಗಿ ಕೇಳಿದವರಿದ್ದಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿದ್ದು, ಅಡಿಗೆಮನೆಯ ಶೀಟು ಸೋರುತ್ತಿದ್ದರೂ, ಅದೇ ಚಿಕ್ಕಮ್ಮ.

ನಿಮ್ಮ ಕ್ಷೇತ್ರದವರು ಯಾವ ತರ ಅಂತ ತಿಳಿಯೋಕೆ ಹೋದ ಚುನಾವಣೆ ಮುಗಿದ ಮರುವರ್ಷ ಅವರು ಎಲ್ಲಿದ್ದರು ಅಂತ ಅಕ್ಕಪಕ್ಕದ ಎರಡು ಹಳ್ಳಿಯಲ್ಲಿ ವಿಚಾರಿಸಿ. ಖರ್ಚಿನ ಲೆಕ್ಕ ಕೊಟ್ಟಿದ್ದಾರಾ ನೋಡಿ. ಸಾಧ್ಯವಾದರೆ ಅವರ ಹತ್ತು ಸೂಚಕರಲ್ಲಿ ಒಬ್ಬರಾಗಿ ಅಂತ ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಆದರೆ ಎಣಿಕೆಯ ಮರುದಿನ ಅವರ ಮನೆ ಕಡೆ ಒಂದು ಸಲ ಹೋಗಿ ಬನ್ನಿ. ಅವತ್ತು ಆ ಮನೆಗೆ ಯಾರೂ ಬರುವುದಿಲ್ಲ.