ಬೂಸಾದಲ್ಲಿ ಪ್ಲಾಸ್ಟಿಕ್ ಎಳೆಗಳು ಸಿಕ್ಕಿವೆ, ಹಸುಗಳಿಗೆ ಅಪಾಯವೇ?

ಯಲಹಂಕದ ಆಚೆ ಎರಡು ಹಸು, ಹತ್ತು ನಾಟಿ ಕೋಳಿ ಸಾಕಿದ್ದೀರಿ. ಬೂಸಾ ಸುರಿಯುವಾಗ ಬಿಳಿ ಎಳೆಗಳು ಕಂಡವು, ಮೇವಿನಲ್ಲಿ ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಅತಿ ಚಿಕ್ಕ ಚೂರುಗಳು, ಇರುವುದು ನಿಜವೇ ಎಂದು ಕೇಳಿದ್ದೀರಿ.

ನಿಜ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ರಿಯೆ ವಿಶ್ವವಿದ್ಯಾಲಯದವರು ನಡೆಸಿದ ಚಿಕ್ಕ ಅಧ್ಯಯನದಲ್ಲಿ ದನ, ಹಂದಿಗಳ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಪರೀಕ್ಷಿಸಿದ ಪೆಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ) ಮೇವಿನ ಎಲ್ಲ ಮಾದರಿಗಳಲ್ಲೂ ಇದ್ದವು. ಆದರೆ ನಿಮ್ಮ ಕೊಟ್ಟಿಗೆಯ ಮಟ್ಟಿಗೆ ನಾನು ಮೊದಲು ನೋಡುವುದು ಗಿರಣಿಯನ್ನಲ್ಲ, ಚೀಲದ ಬಾಯಿಯನ್ನು.

ಹೆಸರಘಟ್ಟದ ಬಳಿ ನಮ್ಮದೂ ಆರು ಹಸುಗಳಿವೆ. ಒಂದೂ ಬೀದಿಗೆ ಹೋಗುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ತಿನ್ನುವ ಮಾತೇ ಇಲ್ಲ ಎಂದು ನಂಬಿದ್ದೆ. ಮೂರು ವರ್ಷದ ಹಿಂದೆ ಗೌರಿ ಮೆಲುಕು ಹಾಕುವುದನ್ನು ನಿಲ್ಲಿಸಿದಳು, ಎಡ ಪಕ್ಕೆ ಉಬ್ಬಿತು. ವೈದ್ಯರು ದೊಡ್ಡ ಹೊಟ್ಟೆ ಕೊಯ್ದು ತೆಗೆದ ಉಂಡೆಯನ್ನು ನೀರಿನಲ್ಲಿ ಬಿಡಿಸಿ ನೋಡಿದೆ: ಚೀಲದ ಬಾಯಿ ಹೊಲಿದ ದಾರ, ಹುಲ್ಲಿನ ಹೊರೆ ಕಟ್ಟಿದ ನೈಲಾನ್ ಹುರಿ, ರಸಮೇವಿನ (ಸೈಲೇಜ್) ಚೀಲದ ಚೂರುಗಳು. ಎಲ್ಲವೂ ನಮ್ಮ ಮನೆಯವೇ. ಗೌರಿ ಉಳಿದಳು. ನನಗೆ ಮಾತ್ರ ಆ ದಿನದ ಸಂಕಟ ಇಂದಿಗೂ ಹೋಗಿಲ್ಲ.

ಅಷ್ಟು ದೊಡ್ಡದು ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಹುರಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದರೆ ಪುಡಿಯಾಗುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕದಾದರೆ ಅದೇ ಮೈಕ್ರೋಪ್ಲಾಸ್ಟಿಕ್, ಆಮೇಲೆ ಆರಿಸುವ ಮಾತಿಲ್ಲ. ಮೊಳೆಯನ್ನಾದರೆ ಗಿರಣಿಯ ಅಯಸ್ಕಾಂತ ಹಿಡಿಯುತ್ತದೆ, ಪ್ಲಾಸ್ಟಿಕ್ಕನ್ನು ಹಿಡಿಯದು. ನೀರಿನಲ್ಲಿ ತೇಲಿಸೋಣವೆಂದರೆ ಹೊಟ್ಟೂ ಜೊತೆಗೇ ತೇಲುತ್ತದೆ. ಕಣ್ಣಿಗೆ ಕಾಣುವಷ್ಟು ದೊಡ್ಡದಿರುವಾಗಲೇ ಅದನ್ನು ತಡೆಯಬೇಕು.

ಚೀಲದ ಬಾಯನ್ನು ಕುಡುಗೋಲಿನಿಂದ ಸೀಳಬೇಡಿ. ಹೊಲಿಗೆಯ ತುದಿ ಹುಡುಕಿ ಇಡೀ ದಾರವನ್ನು ಎಳೆದು ತೆಗೆಯಿರಿ. ಖಾಲಿ ಚೀಲಗಳನ್ನು ಬಿಸಿಲಿನಲ್ಲಿ ಬಿಡಬೇಡಿ. ಬಿಸಿಲಿಗೆ ನೇಯ್ಗೆ ಗರಿಗರಿಯಾಗಿ, ಮುಟ್ಟಿದರೆ ಉದುರುತ್ತದೆ. ನೀವು ಕಂಡ ಬಿಳಿ ಎಳೆ ಬಹುಶಃ ಅಂಥದ್ದೇ. ಹುಲ್ಲಿನ ಹೊರೆ ಬಿಚ್ಚಿದಾಗ ಹುರಿಗಳನ್ನು ಎಣಿಸಿ ಗೂಟಕ್ಕೆ ನೇತುಹಾಕುತ್ತೇನೆ. ಎರಡಿರಬೇಕಾದಲ್ಲಿ ಒಂದೇ ಇದ್ದರೆ ಯಂತ್ರ ಹಾಕುವುದಿಲ್ಲ.

ಬೇಕರಿಯ ಹಳೆಯ ಬ್ರೆಡ್ ಅಗ್ಗಕ್ಕೆ ಸಿಗುತ್ತದೆಂದು ನಗರದ ಅಂಚಿನಲ್ಲಿ ಅನೇಕರು ತರುತ್ತಾರೆ. ಕವರ್ ಬಿಡಿಸುವ ತಾಳ್ಮೆ ಇದ್ದರೆ ಮಾತ್ರ ತನ್ನಿ. ಬ್ರಿಟನ್ನಿನಲ್ಲಿ ಮಿಕ್ಕ ಆಹಾರದಿಂದ ಮಾಡಿದ ಮೇವಿನಲ್ಲಿ ಶೇ 0.15ರಷ್ಟು ಪ್ಲಾಸ್ಟಿಕ್ಕನ್ನು ಅಧಿಕಾರಿಗಳು ಸಹಿಸಿಕೊಂಡು ಬಂದಿದ್ದರು. ಐವತ್ತು ಕಿಲೋ ಚೀಲಕ್ಕೆ ಲೆಕ್ಕ ಹಾಕಿ, 75 ಗ್ರಾಂ! ನಮ್ಮಲ್ಲಿ ಚೀಲದ ಮೇಲೆ ಪ್ರೋಟೀನ್, ಕೊಬ್ಬು, ನಾರಿನ ಪ್ರಮಾಣ ಅಚ್ಚಾಗಿರುತ್ತದೆ, ಪ್ಲಾಸ್ಟಿಕ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇರಬೇಕೆಂದು ಹಾಲಿನ ಸಂಘದ ಸಭೆಯಲ್ಲಿ ನಾನು ಕೇಳುತ್ತಲೇ ಇದ್ದೇನೆ, ನೀವೂ ಕೇಳಿ.

ಕೋಳಿಗಳು ಥರ್ಮಾಕೋಲ್ ಕಂಡರೆ ಕುಕ್ಕದೆ ಬಿಡುವುದಿಲ್ಲ, ಅದನ್ನು ಅಂಗಳಕ್ಕೇ ತರಬೇಡಿ.

ಹಸುಗಳಲ್ಲಿ ಯಾವುದಾದರೂ ಮೆಲುಕು ಕಡಿಮೆ ಮಾಡಿದ್ದರೆ, ಎಡ ಪಕ್ಕೆ ಬಿಗಿದಿದ್ದರೆ, ನಾಳೆಗೆ ಎಂದು ಕಾಯಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವೇನಲ್ಲ.