ಬೆರಳು ಹೋದ ಕಡೆ ಕಣ್ಣು ಹೋಗಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಪುಟ್ಟ ಮಕ್ಕಳ ಚಿತ್ರಪುಸ್ತಕಗಳ ಬಗ್ಗೆಯೇ. ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 33 ವರ್ಷ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತವಳು ನಾನು. ಈಗ ಮನೆಯಲ್ಲಿ ಮೊಮ್ಮಗಳ ಜೊತೆ ಕೂರುತ್ತೇನೆ. ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕೋರೇ, ನನಗ ಅಕ್ಷರ ಬರೂದಿಲ್ಲ. ಈ ಪತ್ರ ನಮ್ಮ ಓಣಿ ಹುಡುಗಿ ಬರದು ಕೊಡಾಕತ್ತಾಳ. ಮಗಾ, ಸೊಸಿ ಇಬ್ರೂ ಕೆಲಸಕ್ಕ ಹೋಗ್ತಾರ. ಮೂರು ವರ್ಷದ ಮೊಮ್ಮಗ ಪುಸ್ತಕ ತಂದು ತೊಡಿ ಮ್ಯಾಲೆ ಕುಂದರ್ತಾನ, ‘ಓದು ಆಯಿ’ ಅಂತಾನ. ಚಿತ್ರ ನೋಡಿ ಏನೋ ಒಂದು ಹೇಳ್ತೀನಿ. ಹಂಗ ಸುಳ್ಳ ಸುಳ್ಳ ಓದಿದ್ರ ಅವನ ಕಲಿಕಿ ಕೆಡ್ತದೇನು?
— ಒಬ್ಬ ಅಜ್ಜಿ, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೆಡುವುದಿಲ್ಲ. ನೀವು ಮಾಡುತ್ತಿರುವುದು ಸುಳ್ಳೂ ಅಲ್ಲ.

ನನ್ನ ಕ್ಲಾಸಿನಲ್ಲಿ ಸಂತೆಗೆ ಹೋಗುವ ಒಬ್ಬ ಹುಡುಗನ ಚಿತ್ರಪುಸ್ತಕ ಇತ್ತು. ಪುಟಕ್ಕೆ ಒಂದೋ ಎರಡೋ ಸಾಲು. ಅದನ್ನು ವರ್ಷಗಟ್ಟಲೆ ಓದಿ ಹೇಳಿದ್ದೆ, ಬಾಯಿಪಾಠವೇ ಆಗಿತ್ತು. ಒಂದು ದಿನ ಓದುತ್ತಿರುವಾಗ ಜೂನ್‌ನಲ್ಲಷ್ಟೇ ಸೇರಿದ್ದ ಹುಡುಗಿಯೊಬ್ಬಳು ಎದ್ದು ಬಂದು ಪುಟದ ಮೂಲೆಯಲ್ಲಿ ಬೆರಳಿಟ್ಟಳು. ‘ಟೀಚರ್, ಬೆಕ್ಕು ಈಗ ಮೀನಿನ ಬುಟ್ಟಿ ಹತ್ರ ಬಂತು’ ಅಂದಳು. ಯಾವ ಬೆಕ್ಕು? ಪುಟ ಹಿಂದೆ ತಿರುಗಿಸಿ ನೋಡಿದೆ. ಮೊದಲನೇ ಪುಟದಲ್ಲಿ ಅದು ಮಾಡಿನ ಮೇಲೆ ಮಲಗಿತ್ತು. ಎರಡನೆಯದರಲ್ಲಿ ಗೋಡೆ ಇಳಿಯುತ್ತಿತ್ತು, ಮೂರನೆಯದರಲ್ಲಿ ತರಕಾರಿ ಮೂಟೆಯ ಹಿಂದೆ ಬರೀ ಬಾಲ. ಕಥೆಯ ಸಾಲುಗಳಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ. ಚಿತ್ರ ಬರೆದವರು ಮಕ್ಕಳಿಗೆಂದೇ ಇನ್ನೊಂದು ಕಥೆ ಇಟ್ಟಿದ್ದರು. ನನಗೆ ಅಕ್ಷರ ಬರುತ್ತದಲ್ಲ, ಕಣ್ಣು ನೇರ ಅಕ್ಷರಕ್ಕೇ ಹೋಗುತ್ತಿತ್ತು. ಆ ಹುಡುಗಿಗೆ ಇನ್ನೂ ‘ಅ’ ಕೂಡ ಗೊತ್ತಿರಲಿಲ್ಲ, ಅವಳು ಇಡೀ ಪುಟ ಓದಿದ್ದಳು. ಆ ದಿನದಿಂದ ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಚಿತ್ರಗಳನ್ನಷ್ಟೇ ನೋಡಿ ಮುಗಿಸುತ್ತೇನೆ, ಆಮೇಲೆ ಸಾಲು.

ನೀವು ಹಾಗೇ ಮಾಡಿ. ಪುಟ ತಿರುಗಿಸುವ ಕೆಲಸ ಮೊಮ್ಮಗನಿಗೇ ಬಿಡಿ. ಅವನ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವೂ ನಿಂತು ಮಾತಾಡಿ. ಚಿತ್ರದಲ್ಲಿ ಎತ್ತು ಬಂದರೆ ನಿಮ್ಮನೆ ಎತ್ತಿನ ಹೆಸರು ಹೇಳಿ. ಬುಟ್ಟಿ ಬಂದರೆ ಬುಟ್ಟಿಗೂ ಮೊರಕ್ಕೂ ಏನು ವ್ಯತ್ಯಾಸ ಅಂತ ಹೇಳಿ. ಕಣ, ರಾಶಿ, ಕುಂಟೆ, ಕೂರಿಗೆ, ಈ ಮಾತುಗಳು ನಿಮ್ಮ ಬಾಯಿಂದ ಅವನ ಕಿವಿಗೆ ಬೀಳದಿದ್ದರೆ ಮತ್ತೆಲ್ಲಿಂದ ಬೀಳಬೇಕು? ನಿನ್ನೆ ಹೇಳಿದ ಹಾಗೆ ಇವತ್ತು ಹೇಳದಿದ್ದರೆ ಅವನೇ ‘ಹಂಗಲ್ಲ’ ಅಂತ ತಿದ್ದುತ್ತಾನೆ. ತಿದ್ದಲಿ, ಕಥೆ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ ಅಂತ ಅರ್ಥ. ರಾತ್ರಿ ಮಗನೋ ಸೊಸೆಯೋ ಅದೇ ಪುಸ್ತಕದ ಸಾಲುಗಳನ್ನು ಓದಲಿ. ಒಂದೇ ಪುಸ್ತಕದಿಂದ ಅವನಿಗೆ ಎರಡು ಕಥೆ ಸಿಗುತ್ತವೆ.

ಒಂದಕ್ಷರವೂ ಇಲ್ಲದೆ ಬರೀ ಚಿತ್ರದಲ್ಲೇ ಕಥೆ ಹೇಳುವ ಪುಸ್ತಕಗಳೂ ಇವೆ. ಅಂಗಡಿಗೆ ಹೋದಾಗ ‘ಪದಗಳಿಲ್ಲದ ಚಿತ್ರಪುಸ್ತಕ’ ಬೇಕು ಅಂತ ಕೇಳಲು ಮಗನಿಗೆ ಹೇಳಿ. ಪತ್ರ ಬರೆದುಕೊಟ್ಟ ಓಣಿಯ ಹುಡುಗಿಗೆ ನನ್ನ ಪ್ರೀತಿ ತಿಳಿಸಿ. ನಿಮಗೆ ಮನಸ್ಸಿದ್ದರೆ ಆ ಪುಸ್ತಕದ ಮೇಲಿನ ಹೆಸರನ್ನು ಅವಳಿಂದಲೇ ಕಲಿತುಕೊಳ್ಳಿ. ಮೂರೋ ನಾಲ್ಕೋ ಅಕ್ಷರ ಇರುತ್ತವೆ, ಮೊಮ್ಮಗನ ಜೊತೆಗೇ ಕಲಿಯಬಹುದು.

ಪ್ರಶ್ನೆ: ಮಗನಿಗೆ ಹತ್ತು ತಿಂಗಳು. ಪುಸ್ತಕ ಕೊಟ್ಟರೆ ಬಾಯಿಗೆ ಹಾಕಿ ಚೀಪುತ್ತಾನೆ, ಹರಿಯುತ್ತಾನೆ. ಮೊಬೈಲಿನಲ್ಲಿ ಕಥೆ ತೋರಿಸಿದರೆ ಹರಿಯುವ ತಾಪತ್ರಯ ಇಲ್ಲ ಅಂತಾರೆ ಮನೆಯವರು.
— ಒಬ್ಬ ತಾಯಿ, ರಾಯಚೂರು

ಉತ್ತರ: ಮೊಬೈಲು ಬೇಡಮ್ಮ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ ಅಂತ ಇದೆ. ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಮಗು ಕೂತಿರುವ ಹೊತ್ತಿನಲ್ಲಿ ದೊಡ್ಡವರು ಪುಸ್ತಕ ಓದಲಿ, ಕಥೆ ಹೇಳಲಿ ಅಂತಲೂ ಅಲ್ಲೇ ಹೇಳಿದ್ದಾರೆ.

ಹತ್ತು ತಿಂಗಳ ಮಗುವಿಗೆ ಹೊಸ ವಸ್ತುವಿನ ಪರಿಚಯ ಆಗುವುದೇ ಬಾಯಿಂದ. ದಪ್ಪ ರಟ್ಟಿನ ಪುಟಗಳ ಪುಸ್ತಕ ಅಥವಾ ಬಟ್ಟೆಯ ಪುಸ್ತಕ ಕೊಡಿ. ದುಬಾರಿ ಅನಿಸಿದರೆ ಮನೆಯಲ್ಲೇ ಮಾಡಬಹುದು. ಚಪ್ಪಲಿ ಡಬ್ಬಿಯ ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ ಮೂಲೆಗಳನ್ನು ಗುಂಡಗೆ ಮಾಡಿ. ಹಳೇ ಕ್ಯಾಲೆಂಡರಿನಿಂದ ಪುಟಕ್ಕೊಂದೇ ದೊಡ್ಡ ಚಿತ್ರ ಅಂಟಿಸಿ, ಮೇಲೆ ಅಗಲದ ಪಾರದರ್ಶಕ ಟೇಪು ಹಾಕಿ, ರಟ್ಟುಗಳನ್ನು ಬಟ್ಟೆಪಟ್ಟಿಯಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ಮಾತ್ರ ಬೇಡ. ನೀವು ಜೊತೆಗಿದ್ದಾಗಲೇ ಕೊಡಿ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ರಾತ್ರಿ ಪುಸ್ತಕ ಓದೋದು ನನ್ನ ಪಾಲು. ಎರಡು ತಿಂಗಳಿಂದ ದಿನಾ ಒಂದೇ ಪುಸ್ತಕ ಬೇಕು, ಒಂದು ನಾಯಿ ಮಳೇಲಿ ನೆನೆಯೋ ಕಥೆ. ಪುಸ್ತಕ ಮೇಳದಲ್ಲಿ ಹನ್ನೆರಡು ಹೊಸ ಪುಸ್ತಕ ತಂದೆ, ಮುಟ್ಟಿಯೂ ನೋಡಲಿಲ್ಲ. ಅವಳ ಭಾಷೆ ಬೆಳೀಬೇಕಾದ್ರೆ ಹೊಸದು ಓದಬೇಡವೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ದಿನವೂ ತಪ್ಪದೆ ಓದುತ್ತೀರಲ್ಲ, ತುಂಬ ಸಂತೋಷವಾಯಿತು. ಅವಳು ಅದೇ ಪುಸ್ತಕ ಕೇಳುವುದು ಅದರ ಕೆಲಸ ಇನ್ನೂ ಮುಗಿದಿಲ್ಲ ಅಂತ. ಮೊದಲ ವಾರ ನಾಯಿಯನ್ನು ನೋಡಿರುತ್ತಾಳೆ, ಮೂರನೇ ವಾರ ಮೋಡವನ್ನು. ಇವತ್ತು ಕಿಟಕಿಯೊಳಗೆ ನಿಂತ ಮುದುಕನನ್ನು ನೋಡುತ್ತಿರಬಹುದು. ಮುಂದೇನು ಬರುತ್ತದೆ ಅಂತ ಗೊತ್ತಿರುವುದರಿಂದಲೇ ಉಳಿದದ್ದನ್ನು ನೋಡುವ ಪುರುಸೊತ್ತು ಅವಳಿಗಿದೆ. ಪುಟ ಹಾರಿಸಿದರೆ ಹಾರಿಸಲಿ.

ನೀವು ಬದಲಿಸಬೇಕಾದ್ದು ಓದುವ ರೀತಿ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದದ್ದು ಎರಡು, ಮೂರು ವರ್ಷದ ಆಸುಪಾಸಿನ ಮಕ್ಕಳು. ಎರಡೂ ಗುಂಪಿನ ಮನೆಗಳಲ್ಲಿ ತಂದೆತಾಯಿ ಒಂದು ತಿಂಗಳು ಚಿತ್ರಪುಸ್ತಕ ಓದಿದರು. ಒಂದು ಗುಂಪು ಯಾವಾಗಲೂ ಓದುವ ಹಾಗೇ ಓದಿತು. ಇನ್ನೊಂದು ಗುಂಪು ಮಗುವನ್ನು ಮಾತಾಡಿಸುತ್ತ, ಅದು ಹೇಳಿದ ತುಂಡು ಮಾತನ್ನು ಸ್ವಲ್ಪ ಬೆಳೆಸಿ ಹೇಳುತ್ತ ಓದಿತು. ತಿಂಗಳ ಕೊನೆಗೆ ಆ ಎರಡನೇ ಗುಂಪಿನ ಮಕ್ಕಳೇ ಮಾತಿನಲ್ಲಿ ಮುಂದಿದ್ದರು.

ನಿಮ್ಮ ಪುಸ್ತಕದಲ್ಲೇ ಮಾಡಿ ನೋಡಿ. ಅವಳು ‘ನಾಯಿ’ ಅಂದರೆ ನೀವು ‘ಹೂಂ, ಒದ್ದೆ ನಾಯಿ. ನಡುಗ್ತಾ ಇದೆ’ ಅನ್ನಿ. ಆಮೇಲೆ ‘ಯಾಕಿರಬಹುದು?’ ಅಂತ ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಎಷ್ಟೋ ಅಪ್ಪ ಅಮ್ಮಂದಿರು ಎರಡು ಎಣಿಸುವಷ್ಟರಲ್ಲಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಮಗುವಿನ ಮಾತು ಮೂರಕ್ಕೋ ನಾಲ್ಕಕ್ಕೋ ಬರುತ್ತದೆ. ‘ಇದೇನು? ಇದ್ಯಾವ ಬಣ್ಣ? ಎಷ್ಟಿದೆ?’ ಅಂತ ಪುಟಪುಟಕ್ಕೂ ಪರೀಕ್ಷೆ ಮಾತ್ರ ಬೇಡ. ಮಲಗುವ ಹೊತ್ತಿನ ಪುಸ್ತಕ ಅದು.

ಹನ್ನೆರಡು ಹೊಸ ಪುಸ್ತಕಗಳಲ್ಲಿ ಹತ್ತನ್ನು ಬೀರುವಿನಲ್ಲಿಡಿ. ಎರಡನ್ನು ಅವಳ ಕೈಗೆಟಕುವಲ್ಲಿ ಮುಖಪುಟ ಕಾಣುವಂತೆ ನಿಲ್ಲಿಸಿ, ಅದರ ಬಗ್ಗೆ ಏನೂ ಹೇಳಬೇಡಿ. ಹಗಲು ನೀವೇ ಒಂದನ್ನು ಎತ್ತಿಕೊಂಡು ನಿಮ್ಮಷ್ಟಕ್ಕೆ ನೋಡುತ್ತ ಕೂತರೆ ಅವಳು ಬಂದು ಪಕ್ಕದಲ್ಲಿ ಇಣುಕುತ್ತಾಳೆ.

ಪ್ರಶ್ನೆ: ನಮ್ಮ ಮನೆಮಾತು ತುಳು. ಮಗು ಹೋಗುವ ಅಂಗನವಾಡಿಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್ ಮೀಡಿಯಂ. ಈಗ ಯಾವ ಭಾಷೆಯ ಪುಸ್ತಕ ಓದಬೇಕು? ಎಲ್ಲ ಸೇರಿ ಗೊಂದಲ ಆಗದೇ?
— ಒಬ್ಬ ತಾಯಿ, ಪುತ್ತೂರು

ಉತ್ತರ: ಕನ್ನಡ ಪುಸ್ತಕವನ್ನು ತುಳುವಿನಲ್ಲಿ ಹೇಳಿ. ಚಿತ್ರದ ಬೆಕ್ಕಿಗೆ ‘ಪುಚ್ಚೆ’ ಅಂದರೂ ಅದು ಓಡುತ್ತದೆ. ಪೆತ್ತ (ಹಸು), ಬರ್ಸ (ಮಳೆ), ಕಕ್ಕೆ (ಕಾಗೆ) ಎಲ್ಲ ಧಾರಾಳವಾಗಿ ಬರಲಿ. ನೀವು ಕೋಪ ಮಾಡುವ, ಮುದ್ದು ಮಾಡುವ ಭಾಷೆಯಲ್ಲಿ ಕಥೆ ಹೇಳಿದರೆ ಮಾತ್ರ ಅದಕ್ಕೆ ಜೀವ. ಕಥೆ ಚೆನ್ನಾಗಿ ಪರಿಚಯವಾದ ಮೇಲೆ ಒಂದು ದಿನ ಕನ್ನಡದ ಸಾಲನ್ನೇ ಓದಿ, ಅರ್ಥ ಮಗುವಿಗೆ ಮೊದಲೇ ಗೊತ್ತಿರುತ್ತದೆ. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳನ್ನು ತಂದಿದೆ, ಮುಂದಕ್ಕೆ ಅನುಕೂಲವಾಗುತ್ತದೆ. ಆದರೆ ‘ಪುಚ್ಚೆಗೆ ಇಂಗ್ಲಿಷಿನಲ್ಲಿ ಏನಂತಾರೆ ಹೇಳು’ ಅಂತ ಬಂದ ನೆಂಟರ ಮುಂದೆ ಕೇಳಬೇಡಿ. ಮಕ್ಕಳಿಗೆ ಆ ಪುಸ್ತಕದ ಮೇಲೇ ಮುನಿಸು ಬರುತ್ತದೆ.

ಪ್ರಶ್ನೆ: ಮೇಡಂ, ನಾನು ಅಂಗನವಾಡಿ ಕಾರ್ಯಕರ್ತೆ. 22 ಮಕ್ಕಳಿದ್ದಾರೆ. ಊರಿನವರೊಬ್ಬರು ಪುಸ್ತಕಕ್ಕೆ ಅಂತ 3000 ರೂಪಾಯಿ ಕೊಡ್ತೀನಿ ಅಂದಿದ್ದಾರೆ. ಹೇಗೆ ಆರಿಸಲಿ? ಹರಿದರೆ ಸ್ಟಾಕ್ ರಿಜಿಸ್ಟರಿಗೆ ಏನು ಉತ್ತರ ಕೊಡಲಿ?
— ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಬರುತ್ತೇನೆ ತಂಗಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ರಿಜಿಸ್ಟರಿನ ಭಯಕ್ಕೆ ನಾನು ನಾಲ್ಕು ವರ್ಷ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಇನ್‌ಸ್ಪೆಕ್ಷನ್ ಅಂತ ತೆಗೆದ ದಿನ ಕೆಳಗಿನ ಎರಡು ಅಂಕಣ ಪೂರ್ತಿ ಗೆದ್ದಲು. ಮುಟ್ಟಿದರೆ ಮಣ್ಣು. ಮುಖಪುಟದ ಒಂದು ಆನೆ ಮಾತ್ರ ಅರ್ಧ ಉಳಿದಿತ್ತು. ಆ ನಾಲ್ಕು ವರ್ಷಗಳಲ್ಲಿ ನನ್ನ ಕ್ಲಾಸಿಗೆ ಬಂದ ಮಕ್ಕಳು ಆ ಪುಸ್ತಕ ನೋಡದೆಯೇ ಮುಂದಿನ ಕ್ಲಾಸಿಗೆ ಹೋಗಿದ್ದರು. ಅವರ ಮುಖ ಇವತ್ತಿಗೂ ನೆನಪಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ಪುಸ್ತಕ ಬಂದ ದಿನವೇ ನಿಮ್ಮ ಮೇಲ್ವಿಚಾರಕಿಯ ಹತ್ತಿರ ಮಾತಾಡಿ, ‘ಮಕ್ಕಳ ಬಳಕೆಯಿಂದ ಸವೆದದ್ದು’ ಅಂತ ಬರೆಯಲು ಒಪ್ಪಿಗೆ ಪಡೆಯಿರಿ. ಪುಸ್ತಕಗಳನ್ನು ಮಕ್ಕಳ ಎದೆಯೆತ್ತರಕ್ಕೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಹರಿದದ್ದನ್ನು ಶನಿವಾರ ಮಕ್ಕಳನ್ನು ಕೂರಿಸಿಕೊಂಡೇ ಅಂಟಿಸಿ. ತಾನೇ ಅಂಟಿಸಿದ ಪುಟವನ್ನು ಮಗು ಮೆಲ್ಲಗೆ ತಿರುಗಿಸುತ್ತದೆ.

ಇನ್ನು ಆಯ್ಕೆ. ಅಂಗಡಿಗೆ ಹೋಗುವಾಗ ಒಂದು ರಟ್ಟಿನ ತುಂಡು ಇಟ್ಟುಕೊಂಡು ಹೋಗಿ. ಸಾಲುಗಳನ್ನು ಅದರಿಂದ ಮುಚ್ಚಿ ಬರೀ ಚಿತ್ರ ನೋಡುತ್ತ ಹೋಗಿ. ಕಥೆ ಮುಂದಕ್ಕೆ ಸಾಗುತ್ತಿದೆಯೇ? ಹಾಗಾದರೆ ರಟ್ಟು ತೆಗೆದು ಗಟ್ಟಿಯಾಗಿ ಓದಿ, ಯಾರು ನೋಡಿದರೂ ಪರವಾಗಿಲ್ಲ. ‘ಇಲಿಮರಿಯು ತಾಯಿಯಿಂದ ಮುದ್ದಿಸಲ್ಪಟ್ಟಿತು’ ಅನ್ನುವಂಥ ಸಾಲು ಬಂತೋ, ಕೆಳಗಿಡಿ. ಯಾವ ಅಮ್ಮನ ಬಾಯಲ್ಲೂ ಅಂಥ ಮಾತು ಬರುವುದಿಲ್ಲ. ಕೊನೇ ಪುಟದಲ್ಲಿ ಚೌಕ ಹಾಕಿ ‘ನೀತಿ’ ಅಂತ ಅಚ್ಚು ಹಾಕಿದ್ದನ್ನು ನಾನು ತರುವುದಿಲ್ಲ, ಕಥೆ ಮುಗಿದ ಮೇಲೆ ಮಗು ಯೋಚಿಸುವ ಜಾಗ ಅದು. ಚಿತ್ರದಲ್ಲಿ ಯಾರಿದ್ದಾರೆ ಅಂತಲೂ ನೋಡಿ. ನಿಮ್ಮ ಮಕ್ಕಳ ಮೈಬಣ್ಣ, ನಿಮ್ಮೂರಿನ ಥರದ ಮನೆ, ಹೊಲದಲ್ಲಿ ಕೆಲಸ ಮಾಡುವ ಅವ್ವ, ಅಡುಗೆ ಮಾಡುವ ಅಪ್ಪ ಎಲ್ಲಾದರೂ ಇದ್ದಾರೆಯೇ? ದೂರದ ಲೋಕವೂ ಇರಲಿ. ಹಿಂದೆ ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಕನ್ನಡ ಮಕ್ಕಳ ಪುಸ್ತಕಗಳಲ್ಲಿ ಪುಟತುಂಬ ಹಿಮ ಇರುತ್ತಿತ್ತು. ನಮ್ಮ ಮಲೆನಾಡಿನ ಮಕ್ಕಳು ‘ಇಷ್ಟು ಅಕ್ಕಿಹಿಟ್ಟು ಯಾರು ಚೆಲ್ಲಿದ್ರು ಟೀಚರ್?’ ಅಂತ ಕೇಳಿದ್ದರು. ಆ ಪ್ರಶ್ನೆಯಿಂದ ಒಂದು ಇಡೀ ಮಧ್ಯಾಹ್ನದ ಮಾತು ಹುಟ್ಟಿತು.

ಎಲ್ಲಿ ಸಿಗುತ್ತವೆ ಅಂದರೆ, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳ ಬೆಲೆ ಕೈಗೆಟಕುವಂಥದ್ದು. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಪುಸ್ತಕಗಳೂ ಹಾಗೇ. ಅವರು 2015ರಲ್ಲಿ ಸ್ಟೋರಿವೀವರ್ ಅನ್ನುವ ಜಾಲತಾಣ ಮಾಡಿದ್ದಾರೆ. ಕನ್ನಡದ ಚಿತ್ರಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸುಲಭದ್ದರಿಂದ ಕಷ್ಟದ್ದರವರೆಗೆ ಓದಿನ ನಾಲ್ಕು ಹಂತಗಳಿವೆ, ನಿಮಗೆ ಮೊದಲನೆಯದು ಸಾಕು. ಹಣ ಪೂರ್ತಿ ಒಂದೇ ಸಲ ಖರ್ಚು ಮಾಡಬೇಡಿ. 2000ಕ್ಕೆ ತನ್ನಿ, ಒಂದೇ ಪುಸ್ತಕದ ಹತ್ತು ಪ್ರತಿ ಬೇಡ, ಬೇರೆಬೇರೆ ಇರಲಿ. ಉಳಿದ 1000 ಕೈಲಿಟ್ಟುಕೊಂಡು ಮಕ್ಕಳು ಯಾವುದಕ್ಕೆ ಕಿತ್ತಾಡುತ್ತಾರೆ ಅಂತ ನೋಡಿ, ಆ ಜಾತಿಯದನ್ನು ಮತ್ತೆ ತನ್ನಿ. ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೂ ಹೋಗಿ ಕೇಳಿ. ಈಗ ‘ಅರಿವು ಕೇಂದ್ರ’ ಅಂತ ಬೋರ್ಡು ಇರುತ್ತದೆ.

ಓದುವಾಗ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಮಕ್ಕಳ ಕಣ್ಣಿಗೆ ಹೊಡೆಯಬಾರದು, ಪುಸ್ತಕದ ಮೇಲೆ ಬೀಳಬೇಕು. ಕಿಟಕಿಗೆ ಎದುರಾಗಿ ಕೂತುಕೊಳ್ಳಿ. ಪುಸ್ತಕವನ್ನು ಕೆಳಗಿನಿಂದ ಒಂದೇ ಕೈಯಲ್ಲಿ ಹಿಡಿದು ಕೆನ್ನೆಯ ಪಕ್ಕಕ್ಕೆ ತನ್ನಿ, ಚಿತ್ರ ಮಕ್ಕಳ ಕಡೆಗಿರಲಿ. ಚಿಕ್ಕ ಪುಸ್ತಕವನ್ನು 22 ಜನಕ್ಕೂ ಒಟ್ಟಿಗೆ ತೋರಿಸಲು ಹೋಗಬೇಡಿ. ಆರಾರು ಮಕ್ಕಳನ್ನು ಕರೆದುಕೊಳ್ಳಿ, ಉಳಿದವರು ಅಷ್ಟೊತ್ತು ಆಡಿಕೊಂಡಿರಲಿ.

ಪುಸ್ತಕ ಹಗ್ಗಕ್ಕೇರಿದ ಒಂದು ತಿಂಗಳ ಮೇಲೆ, ಎಲ್ಲಕ್ಕಿಂತ ಮೊದಲು ಸವೆದದ್ದು ಯಾವ ಪುಸ್ತಕ, ಅದರಲ್ಲೂ ಯಾವ ಪುಟ ಅಂತ ನನಗೆ ಬರೆಯಿರಿ.